ಪಿತ್ತದ ಗಂಧೆ

ಬಳೆಗಳ ಸದ್ದು ಬೆನ್ನ ಹಿಂದೆ ಕೇಳುತ್ತಲೇ ಇತ್ತು. ದುಂಡೇಶ ತಿರುಗಿ ನೋಡಲಿಲ್ಲ. ಐಗಳಿಯ ಆ ಔಷಧದ ಅಂಗಡಿಯಲ್ಲಿ ಬೆಳಗಿನ ಗಿರಾಕಿಗಳು ಕರಗಿಹೋಗಿದ್ದರು. ಪಕ್ಕದ ದವಾಖಾನೆಯ ಡಾಕ್ಟರು ಚಿಕ್ಕೋಡಿಯ ಕೋರ್ಟಿಗೆ ಹೋಗಿದ್ದರಿಂದ ಹೊಸ ಚೀಟಿ ಬರುವಂತಿರಲಿಲ್ಲ. ಅವನು ಸ್ಟೂಲಿನ ಮೇಲೆ ನಿಂತು ಮೇಲಿನ ಕಪಾಟಿನ ಕೆಮ್ಮಿನ ಔಷಧಗಳಲ್ಲಿ ಅವಧಿ ಮುಗಿದವನ್ನು ಆರಿಸುತ್ತಿದ್ದ. ಮೊದಲು ಬಳೆಗಳು ಸುಮ್ಮನೆ ಒಂದಕ್ಕೊಂದು ತಾಕಿದ ಹಾಗಿತ್ತು. ಆಮೇಲೆ ಸದ್ದಿಗೆ ಒಂದು ಅವಸರ ಬಂತು. ಯಾರೋ ಅಂಗೈಯನ್ನು ಇನ್ನೊಂದು ಕೈಯ ಉಗುರಿನಿಂದ ಕೆರೆದುಕೊಳ್ಳುವ ಅವಸರ. ಅಂಗೈ, ಅಂಗಾಲು, ಕಿವಿಯ ಹಾಲೆ: ಅಲರ್ಜಿಯ ತುರಿಕೆ ಮೊದಲು ಕಾಣಿಸಿಕೊಳ್ಳುವುದು ಇಲ್ಲೇ ಎಂದು ಒಂದು ವಾಕ್ಯ ಅವನ ತಲೆಯಲ್ಲಿ ತಾನಾಗಿ ಓದಿಕೊಂಡಿತು. ಆ ವಾಕ್ಯವನ್ನು ಬರೆದವನು ಅವನೇ. ಬೆಳಗಾವಿಯಲ್ಲಿ ಎಂ.ಫಾರ್ಮ ಓದುವಾಗ, ಕೆಂಪು ರಟ್ಟು ಹಾಕಿಸಿದ ಪ್ರಬಂಧದ ಮೊದಲ ಅಧ್ಯಾಯದಲ್ಲಿ. ಆದರೂ ಕೈಯಲ್ಲಿದ್ದ ಬಾಟಲಿಯ ತಾರೀಖನ್ನು ಪೂರ್ತಿ ಓದಿ, ಅದನ್ನು ಅದರ ಜಾಗದಲ್ಲಿಟ್ಟು, ಆಮೇಲೆಯೇ ತಿರುಗಿದ.

ಬೆಂಚಿನ ಮೇಲೆ ಕೂತಿದ್ದ ಹುಡುಗಿಯ ಕಿವಿಗಳು ಕೆಂಪಾಗಿದ್ದವು. ಕೆಳದುಟಿ ಒಂದು ಬದಿಗೆ ಉಬ್ಬಿತ್ತು. ಹಲ್ಲುನೋವಿನಿಂದ ಬಾತ ಬಲಗೆನ್ನೆಗೆ ಅದು ಸೇರಿಕೊಂಡು ಮುಖ ಬೇರೆ ಯಾರದೋ ಅನ್ನಿಸುತ್ತಿತ್ತು. "ಡಾಕ್ಟರ್ರ, ಕೈ ಯಾಕೋ ಉರಿಯಾಕತ್ತಾವ್ರಿ," ಎಂದಳು. ದನಿ ಗೊಗ್ಗರಾಗಿತ್ತು. ಎಂಟು ನಿಮಿಷದ ಹಿಂದೆ ಆ ದನಿ ಹಾಗಿರಲಿಲ್ಲ.

ಎಂಟು ನಿಮಿಷದ ಹಿಂದೆ ಅವಳು ಗಾಜಿನ ಕೌಂಟರಿನ ಆಚೆ ನಿಂತು ದವಡೆ ತೋರಿಸಿದ್ದಳು. ಕುರಿಗಾರರ ಸೊಸೆ, ಹೆಸರು ಕೋಮಲ. ಅತ್ತೆ ಲಗಮವ್ವ ತಿಂಗಳಿಗೊಮ್ಮೆ ಮೊಣಕಾಲಿನ ಮುಲಾಮಿಗೆ ಬರುವವಳಾದ್ದರಿಂದ ಗುರುತಿತ್ತು. ಅತ್ತೆ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಾಳೆಂದೂ ಅಷ್ಟರೊಳಗೆ ಹಲ್ಲಿಗೆ ಏನಾದರೂ ಕೊಡಬೇಕೆಂದೂ ಕೇಳಿದ್ದಳು. ಅವನು ಫೋನು ನೋಡುತ್ತಿದ್ದ. ಹಳೆಯ ಸಹಪಾಠಿಗಳ ಗುಂಪಿನಲ್ಲಿ ರೂಪೇಶನ ಫೋಟೊ ಬಂದಿತ್ತು, ಕೊರಳಲ್ಲಿ ಹಾರ, ಹೆಸರಿನ ಮುಂದೆ ಡಾ. ಎಂಬ ಒಂದಕ್ಷರ. ಇಬ್ಬರೂ ಸೇರಿ ಮಾಡಿದ ಕೆಲಸವನ್ನೇ ರೂಪೇಶ ಮುಂದಕ್ಕೆ ಒಯ್ದು ಮುಗಿಸಿದ್ದ. ದುಂಡೇಶ, ಅಪ್ಪ ಮುರಗೆಪ್ಪ ತನ್ನ ದ್ರಾಕ್ಷಿ ತೋಟದ ಅಂಚಿಗೆ ಕಟ್ಟಿಸಿದ ಈ ಅಂಗಡಿಗೆ ಬಂದು ಕೂತಿದ್ದ. ಅಭಿನಂದನೆಯ ಸಂದೇಶವನ್ನು ಎರಡು ಸಲ ಬರೆದು ಅಳಿಸಿ ಮೂರನೆಯದನ್ನು ಬರೆಯುತ್ತಿದ್ದಾಗ, ಅವನು ಚೀಟಿಯಿಲ್ಲದೆ ಮುಂದಿಟ್ಟ ಗುಳಿಗೆಯ ಪಟ್ಟಿಯನ್ನು ನೋಡಿ ಅವಳು ಅಂದಿದ್ದಳು: "ಹ್ವಾದ ವರ್ಷ ಹಾರೂಗೇರಿ ಕಡೆ ಕುರಿ ತರುಬಿ ಹಟ್ಟಿ ಹಾಕಿದ್ದಾಗ ಇಂಥಾದ ಗುಳಗಿ ಕೊಟ್ಟಿದ್ರು ನೋಡ್ರಿ. ಮೈ ತುಂಬ ಗಂಧಿ ಎದ್ದು ಉಸರ ಹಿಡದಂಗ ಆಗಿತ್ತ್ರಿ. ಇದು ಅದ ಏನು?"

"ಅದು ಪಿತ್ತ ತಂಗಿ," ಅವನು ಫೋನಿನಿಂದ ಕಣ್ಣೆತ್ತದೆ ಹೇಳಿದ್ದ. "ಪಿತ್ತದ ಗಂಧಿ. ಖಾಲಿ ಹೊಟ್ಟಿಲೆ ನುಂಗಿರ್ತಿ. ನೋವು ಭಾಳ ಇದ್ರ ಇಲ್ಲೇ ಒಂದು ನುಂಗಿಬಿಡು." ತನ್ನ ನೀರಿನ ಬಾಟಲಿಯನ್ನೇ ಮುಂದಕ್ಕೆ ತಳ್ಳಿದ್ದ. ಅವಳು ಒಂದು ಕ್ಷಣ ಗುಳಿಗೆಯನ್ನು ಅಂಗೈಯಲ್ಲಿ ಹಿಡಿದು ನೋಡಿ, ಅವನ ಮುಖ ನೋಡಿ, ನುಂಗಿದ್ದಳು. ರೂಪೇಶನಿಗೆ 'ತುಂಬಾ ಸಂತೋಷವಾಯಿತು' ಎಂದು ಕಳಿಸಿದ್ದು ಅದೇ ಹೊತ್ತಿಗೆ.

ಈಗ ಅವಳು ಎದ್ದು ನಿಲ್ಲಲು ನೋಡಿದಳು, ಬಾಗಿಲ ಚೌಕಟ್ಟನ್ನು ಹಿಡಿಯಲು ಹೋಗಿ ಗಾಳಿಯನ್ನು ಹಿಡಿದು ಮೆಟ್ಟಿಲ ಮೇಲೆ ಕುಸಿದಳು. ಎಣ್ಣೆ ತೀರಿದ ದೀಪದ ಹಾಗೆ ಅವಳ ಮುಖದ ಬಣ್ಣ ಇಳಿದುಹೋದದ್ದನ್ನು ಅವನು ನೋಡಿದ. ಕುತ್ತಿಗೆಯ ಮೇಲೆ ಗಂಧೆಗಳು ಕಣ್ಣೆದುರೇ ಎದ್ದು ಒಂದಕ್ಕೊಂದು ಕೂಡಿಕೊಳ್ಳುತ್ತಿದ್ದವು. ಚರ್ಮದ ಕೆಳಗೆ, ಗಂಟಲಿನ ಪದರಿನಲ್ಲಿ, ರಕ್ತನಾಳಗಳ ಅಕ್ಕಪಕ್ಕ ಕಾವಲಿಗೆ ಕೂತಿರುವ ಮಾಸ್ಟ್ ಕೋಶಗಳು. ಒಳಗೆಲ್ಲ ತುರಿಕೆ, ಊತ ಎಬ್ಬಿಸುವ ಹಿಸ್ಟಮಿನ್ ತುಂಬಿದ ಕಾಳುಗಳು, ಹೊರಮೈಯಲ್ಲಿ ಸಂದೇಶ ಹಿಡಿಯುವ ಗ್ರಾಹಕಗಳು. ಹೋದ ವರ್ಷ ಹಾರೂಗೇರಿಯ ಗುಳಿಗೆಯ ಹೊತ್ತಿಗೇ ಅವಳ ದೇಹ ಆ ಔಷಧದ ಗುರುತು ಹಿಡಿದು ಪ್ರತಿಕಾಯಗಳನ್ನು ತಯಾರಿಸಿತ್ತು. ಅವು ಆ ಗ್ರಾಹಕಗಳನ್ನು ಕಚ್ಚಿಕೊಂಡು ಕಾದಿದ್ದವು. ಇಂದು ಅದೇ ಔಷಧ ಬಂದು ಪಕ್ಕಪಕ್ಕದ ಎರಡು ಪ್ರತಿಕಾಯಗಳನ್ನು ಒಟ್ಟಿಗೆ ತಬ್ಬಿತು. ಅಷ್ಟೇ ಬೇಕು. ಕೋಶ ತನ್ನಲ್ಲಿದ್ದದ್ದನ್ನೆಲ್ಲ ಒಮ್ಮೆಲೆ ಹೊರಗೆ ಚೆಲ್ಲಿಬಿಡುತ್ತದೆ. ನಾಳಗಳು ಸೋರುತ್ತವೆ, ರಕ್ತದೊತ್ತಡ ಬೀಳುತ್ತದೆ, ಗಂಟಲು ಮುಚ್ಚುತ್ತದೆ. ಅವನು ಇದನ್ನು ನೂರಾರು ಸಲ ನೋಡಿದ್ದ. ಇಲಿಯ ಹೊಟ್ಟೆಯ ತೆಳುಪದರವನ್ನು ಗಾಜಿನ ಮೇಲೆ ಹರಡಿ, ನೀಲಿ ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಒಡೆದ ಕೋಶ ಎಷ್ಟು, ಒಡೆಯದ್ದು ಎಷ್ಟು ಎಂದು ಎಣಿಸುತ್ತ ಕೂತಿದ್ದ ಆ ಎರಡು ವರ್ಷಗಳಲ್ಲಿ. ಒಡೆದ ಕೋಶ ಚೆಂದ ಕಾಣುತ್ತಿತ್ತು. ಸುತ್ತ ನೇರಳೆ ಕಾಳು ಚೆಲ್ಲಿದ ರಂಗೋಲಿ. ಗಾಜಿನ ಮೇಲಿದ್ದಾಗ ಅದಕ್ಕೆ ಉಸಿರು ಇರಲಿಲ್ಲ.

ಇದನ್ನು ತಡೆಯುವ ಅಡ್ರಿನಲಿನ್ ಇಂಜೆಕ್ಷನ್ ಅಂಗಡಿಯಲ್ಲಿತ್ತು. ಪಕ್ಕದ ಡಾಕ್ಟರರಿಗೆಂದು ತರಿಸಿಟ್ಟ ಡಬ್ಬಿ, ಎಡಗಡೆಯ ಎರಡನೆಯ ಖಾನೆಯಲ್ಲಿ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವನು ಕೈ ಚಾಚಲಿಲ್ಲ. ಆ ಹೊತ್ತಿನಲ್ಲಿ ತನಗೇನಾಯಿತು ಎಂದು ಆಮೇಲೆ ಅವನು ಎಷ್ಟೇ ಸಲ ತನ್ನನ್ನು ಕೇಳಿಕೊಂಡರೂ ಉತ್ತರ ಒಂದೇ ಇತ್ತು, ಮತ್ತು ಅದು ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಸೂಜಿ ಹಿಡಿದರೆ, ಇದು ಏನೆಂದು ಅವನಿಗೆ ಗೊತ್ತು ಎಂದಾಗುತ್ತದೆ. ಏನೆಂದು ಗೊತ್ತಿದ್ದರೆ, ಯಾತರಿಂದ ಎಂಬುದೂ ಗೊತ್ತಿರಬೇಕಾಗುತ್ತದೆ. ಅವನು ಮೊದಲು ಮಾಡಿದ್ದು ಕೌಂಟರಿನ ಮೇಲಿದ್ದ ಗುಳಿಗೆಯ ಪಟ್ಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡದ್ದು. ಇಪ್ಪತ್ತು ಎಣಿಸುವಷ್ಟು ಹೊತ್ತು. ಹೆಚ್ಚೆಂದರೆ ಮೂವತ್ತು. ಆಮೇಲೆ ಎದುರಿನ ಬೀಜದ ಅಂಗಡಿಯ ಭಾವುಸಾಹೇಬ "ಅರೇ ದೇವಾ! ಕಾಯ ಝಾಲಂ? ಏನಾತು?" ಎಂದು ಕೂಗಿಕೊಂಡು ಓಡಿಬಂದಾಗ ಇವನ ಕೈಗಳು ತಾವಾಗಿ ಎದ್ದವು. ಆಂಪೂಲಿನ ಗಾಜಿನ ಕುತ್ತಿಗೆ ಮುರಿದು, ಅರ್ಧ ಔಷಧವನ್ನು ಸಿರಿಂಜಿಗೆ ಎಳೆದು, ಸೀರೆಯ ಮೇಲಿಂದಲೇ ಅವಳ ತೊಡೆಯ ಹೊರಬದಿಗೆ ಚುಚ್ಚಿದ. ಅವಳನ್ನು ಅಂಗಾತ ಮಲಗಿಸಿ ಕಾಲು ಎತ್ತಿ ಬೆಂಚಿನ ಮೇಲಿಟ್ಟ. ಅದೇ ಕೋಶದ ಮೈಮೇಲೆ ಅಡ್ರಿನಲಿನ್‌ನ ಗ್ರಾಹಕವೂ ಇದೆ. ಅದಕ್ಕೆ ಸಂದೇಶ ಮುಟ್ಟಿದರೆ ಚೆಲ್ಲುವುದು ನಿಲ್ಲುತ್ತದೆ. ಮುಟ್ಟಲಿ, ಮುಟ್ಟಲಿ ಎಂದು ಅವನ ತುಟಿಗಳು ಆಡುತ್ತಿದ್ದವು.

ಮುಟ್ಟಿತು. ಮೂರು ನಿಮಿಷದಲ್ಲಿ ಅವಳ ಉಸಿರು ಸಡಿಲವಾಯಿತು, ರೆಪ್ಪೆ ಅಲುಗಿತು. ಹಿಟ್ಟಿನ ಡಬ್ಬಿ ಹೊತ್ತು ಬಂದ ಲಗಮವ್ವ ಅದನ್ನು ರಸ್ತೆಯ ಮೇಲೆಯೇ ಬಿಟ್ಟು ಸೊಸೆಯ ಮೇಲೆ ಬಿದ್ದಳು. ಭಾವುಸಾಹೇಬ ಕಾರು ತಂದ. "ಲವಕರ, ಲವಕರ! ಲಗೂನ ಅಥಣಿಗೆ ಹೋಗೂನು." ಹಿಂದಿನ ಸೀಟಿನಲ್ಲಿ ಹುಡುಗಿಯನ್ನು ಮಲಗಿಸಿ, ತಲೆಯ ಕಡೆ ಅತ್ತೆ, ಕಾಲಿನ ಕಡೆ ಇವನು.

ದಾರಿಯುದ್ದಕ್ಕೂ ಭಾವುಸಾಹೇಬನೇ ಮಾತಾಡಿದ. "ಹುಳ ಕಡದೈತ್ರಿ. ನಮ್ಮ ಬೇವಿನ ಗಿಡದಾಗ ಕಣಜದ ಗೂಡು ಐತಿ, ನಾ ಅವತ್ತ ಅಂದಿಲ್ಲೇನು, ಸುಡ್ರಿ ಅಂತ? ನಿಪ್ಪಾಣಿ ನಮ್ಮ ಮಾವಶಿಗೆ, ಅವ್ವನ ತಂಗಿಗೆ, ಹಿಂಗ ಆಗಿತ್ತು. ದುಂಡೇಶ ಇದ್ದ ಅಂತ ಪೋರಿ ಉಳಿತು." ಕನ್ನಡಿಯಲ್ಲಿ ಅವನ ಕಣ್ಣುಗಳು ಮೆಚ್ಚುಗೆಯಿಂದ ಇವನನ್ನು ಹುಡುಕಿದವು. ಲಗಮವ್ವ ಸೊಸೆಯ ಹಣೆಯ ಮೇಲಿದ್ದ ಕೈಯನ್ನು ತೆಗೆದು ದುಂಡೇಶನ ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ನೀವು ನನ್ನ ಪಾಲಿನ ದೇವ್ರು ಡಾಕ್ಟರ್ರ." ಆ ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಅವನ ಪ್ಯಾಂಟಿನ ಮೇಲೆ ಐದು ಬಿಳಿ ಬೆರಳು ಮೂಡಿದವು. ಅವನು ಅವನ್ನು ಒರೆಸಲಿಲ್ಲ. ಡಾಕ್ಟರ್ ಅಲ್ಲವೆಂದೂ ಹೇಳಲಿಲ್ಲ, ಹುಳುವಲ್ಲವೆಂದೂ ಹೇಳಲಿಲ್ಲ. ಅಥಣಿ ಮುಟ್ಟಿದ ಮೇಲೆ ಹೇಳಿದರಾಯಿತು, ಡಾಕ್ಟರ ಮುಂದೆ, ಒಳಗೆ, ಇವರಿಲ್ಲದಾಗ, ಸರಿಯಾದ ಶಬ್ದಗಳಲ್ಲಿ. ಕಿಟಕಿಯಾಚೆ ದ್ರಾಕ್ಷಿಯ ಚಪ್ಪರಗಳು ಸರಿದು ಹೋಗುತ್ತಿದ್ದವು. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದರು: ಚೆಲ್ಲುವ ಕೋಶವನ್ನು ತಡೆಯುವವರು ಯಾರು? ಇವನು ಹೇಳಿದ್ದ: ಅದು ಚೆಲ್ಲಿದ ಹಿಸ್ಟಮಿನ್ನೇ ತಿರುಗಿ ಬಂದು ಅದರ ಮೈಮೇಲಿನ ಇನ್ನೊಂದು ಗ್ರಾಹಕದಲ್ಲಿ ಕೂತು, ಸಾಕು ಎನ್ನುತ್ತದೆ ಸರ್. ಮುಂದೆ ತಯಾರಿಸುವುದನ್ನೂ ಅದೇ ತಗ್ಗಿಸುತ್ತದೆ. ಪರೀಕ್ಷಕರು ತಲೆದೂಗಿದ್ದರು. ರೂಪೇಶ ಹೊರಗೆ ಕಾಯುತ್ತಿದ್ದ. ಇವನು ಹೊರಗೆ ಬಂದು, ಏನು ಕೇಳಿದರು ಎಂದು ಅವನು ಅಂದದ್ದಕ್ಕೆ, ಏನೂ ಇಲ್ಲ ಬಿಡು ಎಂದಿದ್ದ. ಹೇಳಿದ್ದರೆ ರೂಪೇಶನೂ ಅದೇ ಉತ್ತರ ಹೇಳುತ್ತಿದ್ದ. ಇಷ್ಟು ವರ್ಷದ ಮೇಲೆ ಆ ಸಣ್ಣತನಕ್ಕೆ ಈ ಕಾರಿನಲ್ಲಿ ಅವನ ಮುಖ ಬಿಸಿಯಾಯಿತು.

ಅಥಣಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಸಂಗ್ರಾಮ ಒಬ್ಬರೇ ಇದ್ದರು, ಹೊರಗೆ ಐವತ್ತು ಜನ. "ಏನಾತು?" ಎಂದು ಅವರು ಕೇಳಿದ್ದು ದುಂಡೇಶನನ್ನೇ. ಅವನು ಬಾಯಿ ತೆರೆಯುವಷ್ಟರಲ್ಲಿ ಭಾವುಸಾಹೇಬ "ಕಣಜ ಕಡದೈತ್ರಿ ಸಾಹೇಬ್ರ, ಇವ್ರು ನಮ್ಮೂರ ಔಷಧದ ಅಂಗಡ್ಯಾವ್ರು, ಇಂಜೆಕ್ಷನ್ ಮಾಡಿ ಉಳಿಸ್ಯಾರು" ಎಂದ. ಡಾಕ್ಟರು ಇವನ ಹೆಗಲು ತಟ್ಟಿದರು. "ಭೇಷ್. ಭಾಳ ಮಂದಿಗೆ ಇದು ತಿಳಿಯೂದಿಲ್ಲ." ಅವನು ಚುಚ್ಚಿದ್ದು ಎಷ್ಟು, ಎಷ್ಟು ಹೊತ್ತಿಗೆ ಎಂಬುದನ್ನಷ್ಟೇ ಹೇಳಿದ. ಗಂಧೆ ಅಡಗಿಸುವ ಇಂಜೆಕ್ಷನ್, ಸ್ಟಿರಾಯ್ಡ್, ಸಲೈನು. ಹುಡುಗಿಯ ಬಾಯಿ ತೆರೆಸಿ ಟಾರ್ಚು ಬಿಟ್ಟು ನೋಡಿದ ಡಾಕ್ಟರು, "ದವಡ್ಯಾಗ ಕೀವು ಐತಿ" ಎಂದು ಕೇಸ್ ಪೇಪರಿನಲ್ಲಿ ಇನ್ನೊಂದು ಸಾಲು ಗೀಚಿ ಹೊರಗೆ ಹೋದರು. ಕೋಮಲಳಿಗೆ ಮಾತು ಬರುತ್ತಿರಲಿಲ್ಲ. ಕಣ್ಣು ಮಾತ್ರ ತೆರೆದು, ಚಾವಣಿಯನ್ನೂ ಅತ್ತೆಯನ್ನೂ ಆಮೇಲೆ ದುಂಡೇಶನನ್ನೂ ನೋಡಿದಳು. ಅಲ್ಲೇ ನಿಲ್ಲಿಸಿದಳು. ಅವನು ಸಲೈನಿನ ಹನಿ ಎಣಿಸುವವನಂತೆ ಮೇಲೆ ನೋಡಿದ.

ಭಾವುಸಾಹೇಬ ಅಂಗಡಿ ತೆರೆದಿಟ್ಟು ಬಂದಿದ್ದೇನೆಂದು ಹೊರಟ. ದುಂಡೇಶನೂ ಹೋಗಬಹುದಿತ್ತು, "ನೀನು ಬರ್ತಿ ಏನು?" ಎಂದು ಅವನು ಕೇಳಿದ್ದ. ಉಳಿದ. ತಮಗಾಗಿ ಉಳಿದನೆಂದು ಲಗಮವ್ವ ತಿಳಿದಳು, ಎದ್ದು ತನ್ನ ಸ್ಟೂಲನ್ನು ಅವನ ಕಡೆ ಸರಿಸಿದಳು.

ಎರಡು ಗಂಟೆಯ ಹೊತ್ತಿಗೆ ನರ್ಸ್ ಸೀಮಾ ಒಂದು ಸಣ್ಣ ತಟ್ಟೆ ಹಿಡಿದು ಬಂದಳು. ಕೋಮಲಳ ಮುಂಗೈಯ ಒಳಬದಿಯ ಚರ್ಮದಲ್ಲಿ ಒಂದು ಹನಿಯಷ್ಟು ಔಷಧ ಹಾಕಿ ಪೆನ್ನಿನಿಂದ ಸುತ್ತ ಗೆರೆ ಎಳೆದಳು. "ಹಲ್ಲಿನ ಕೀವಿಗ್ರಿ. ಟೆಸ್ಟ್ ಡೋಸು. ಇಪ್ಪತ್ತು ಮಿಂಟ್ ಬಿಟ್ಟು ನೋಡ್ತೀನಿ, ಗಂಧಿ ಏಳಲಿಲ್ಲಂದ್ರ ಪೂರಾ ಹಾಕೂದು." ತಟ್ಟೆಯಲ್ಲಿದ್ದ ಸೀಸೆಯ ಹೆಸರನ್ನು ದುಂಡೇಶ ಓದಿದ. ಆಂಪಿಸಿಲಿನ್. ಅವನ ಜೇಬಿನಲ್ಲಿದ್ದ ಗುಳಿಗೆಯ ಒಡಹುಟ್ಟು.

ಯಾರೋ ಮುಖಕ್ಕೆ ಹೊಡೆದ ಮೇಲೆ ನೋವು ಬರುವ ಮುಂಚಿನ ಒಂದು ಖಾಲಿ ಇರುತ್ತದಲ್ಲ, ಆ ಖಾಲಿಯೊಳಗೆ ಅವನು ಇಪ್ಪತ್ತು ನಿಮಿಷ ಕೂತ. ಹೇಳಬೇಕಾಗಿಲ್ಲ, ಎಂದು ಒಂದು ದನಿ ಒಳಗೆ ಹೇಳುತ್ತಿತ್ತು. ಆ ಗೆರೆಯೊಳಗೆ ಗಂಧೆ ಏಳುತ್ತದೆ, ಸೀಮಾ ನೋಡುತ್ತಾಳೆ, ಔಷಧ ನಿಲ್ಲಿಸುತ್ತಾರೆ, ನಿನ್ನ ಹೆಸರಿಲ್ಲದೆಯೇ ಎಲ್ಲ ಸರಿಹೋಗುತ್ತದೆ. ಅವನು ಆ ವೃತ್ತವನ್ನು ನೋಡುತ್ತಲೇ ಇದ್ದ. ಏಳು, ಏಳು. ಚರ್ಮ ಸಪಾಟಾಗಿಯೇ ಇತ್ತು. ಮತ್ತು ಅದು ಏಳುವುದಿಲ್ಲವೆಂದು ಅವನಿಗೆ ಆಗಲೇ ಗೊತ್ತಿತ್ತು, ಗೊತ್ತಿದ್ದೂ ಬೇಡಿಕೊಳ್ಳುತ್ತಿದ್ದ. ಗಂಧೆ ಅಡಗಿಸುವ ಇಂಜೆಕ್ಷನ್ ಆಗಲೇ ಹಿಸ್ಟಮಿನ್ ಹೋಗಿ ಕೂರುವ ಗ್ರಾಹಕಗಳನ್ನೆಲ್ಲ ಮುಚ್ಚಿ ಕೂತಿತ್ತು. ಚರ್ಮದ ಕೋಶಗಳು ಬೆಳಿಗ್ಗೆಯೇ ಇದ್ದದ್ದನ್ನೆಲ್ಲ ಚೆಲ್ಲಿ ಬರಿದಾಗಿದ್ದವು. ಮತ್ತೆ ತಯಾರಿಸಿ ತುಂಬಿಕೊಳ್ಳಲು ಅವಕ್ಕೆ ದಿನಗಳು, ವಾರಗಳು ಬೇಕು. ಅಲ್ಲಿಯವರೆಗೆ ಈ ಚರ್ಮ ಹೇಳುವುದೆಲ್ಲ ಸುಳ್ಳು. ಆದರೆ ಒಡೆಯದೆ ಉಳಿದವು ಒಳಗೆ ಎಲ್ಲೆಲ್ಲಿ ಇವೆಯೋ, ಶ್ವಾಸಕೋಶದಲ್ಲಿ, ಗಂಟಲಲ್ಲಿ, ಹೃದಯದ ಪದರದಲ್ಲಿ, ನೆತ್ತರಿಗೆ ನೇರ ಹೋದ ಪೂರ್ತಿ ಡೋಸು ಅವನ್ನು ಹುಡುಕಿಕೊಂಡು ಹೋಗುತ್ತದೆ.

ಸೀಮಾ ಬಂದು ಹೆಬ್ಬೆರಳಿನಿಂದ ವೃತ್ತವನ್ನು ಸವರಿದಳು. "ಕ್ಲೀನ್ ಐತಿ." ಸಿರಿಂಜಿಗೆ ಔಷಧ ಎಳೆದುಕೊಂಡಳು.

"ಸಿಸ್ಟರ್, ಅದು ಬ್ಯಾಡ್ರಿ," ಎಂದ ದುಂಡೇಶ.

"ಯಾಕ್ರಿ?"

"ಆಕಿಗೆ ಅದು ಆಗಾಣಿಲ್ಲ ಅನಸ್ತೈತಿ."

"ಅನಸ್ತೈತಿ ಅಂದ್ರ? ಟೆಸ್ಟ್ ಮಾಡೇನಲ್ರಿ." ಅವಳು ಸಲೈನಿನ ನಳಿಕೆಯ ಮುಚ್ಚಳ ತೆಗೆಯುತ್ತಿದ್ದಳು. ಅವನು ಎದ್ದು ಅವಳ ಮಣಿಕಟ್ಟನ್ನು ಹಿಡಿದುಬಿಟ್ಟ. ಅವಳು ಕಿರುಚಿದಳು. ಪರದೆ ಸರಿಸಿ ಡಾಕ್ಟರು ಬಂದರು. "ಕೈ ಬಿಡ್ರಿ ಮೊದ್ಲ! ಒಂದು ಇಂಜೆಕ್ಷನ್ ಮಾಡಿದ್ರಿ ಅಂತ ನೀವು ಇಲ್ಲಿ ಡಾಕ್ಟರ್ಕಿ ಮಾಡಾಕ ಬಂದೀರೇನು? ಔಷಧ ಮಾರಾವ್ರು ಮಾರ್ರಿ." ಪಕ್ಕದ ಮಂಚಗಳಿಂದ ತಲೆಗಳು ಎದ್ದವು. ಅವನು ಮಣಿಕಟ್ಟು ಬಿಡಲಿಲ್ಲ. ಬಿಟ್ಟರೆ ಸೂಜಿ ನಳಿಕೆಗೆ ಹೋಗುತ್ತದೆ.

"ಕಣಜ ಅಲ್ರಿ," ಎಂದ. ತನ್ನ ದನಿ ಇಷ್ಟು ದೊಡ್ಡದಾಗಿ ಬಂದದ್ದಕ್ಕೆ ಅವನೇ ಬೆಚ್ಚಿದ. "ಅಮಾಕ್ಸಿಸಿಲಿನ್ ನುಂಗ್ಯಾಳ್ರಿ. ನಾನ ಕೊಟ್ಟೆ. ಚೀಟಿ ಇಲ್ದ. ಹ್ವಾದ ವರ್ಷ ಹಿಂಗ ಗಂಧಿ ಎದ್ದು ಉಸರ ಹಿಡದಿತ್ತು ಅಂತ ಆಕಿ ನನಗ ಹೇಳಿದ್ಳು. ನಾ ಪಿತ್ತ ಅಂದೆ. ನುಂಗು ಅಂದೆ." ಜೇಬಿನಿಂದ ಪಟ್ಟಿ ತೆಗೆದು ಮಂಚದ ಮೇಲಿಟ್ಟ. ಒಂದು ಗುಳಿಗೆಯ ಜಾಗ ಹರಿದಿತ್ತು.

ಡಾಕ್ಟರು ಪಟ್ಟಿಯನ್ನು ನೋಡಿದರು, ಸೀಮಾಳ ಕೈಯಿಂದ ಸಿರಿಂಜನ್ನು ತಾವೇ ತೆಗೆದುಕೊಂಡರು. "ಬಂದ ಕೂಡ್ಲೆ ಯಾಕ ಹೇಳಲಿಲ್ಲ?" ಎಂದು ಆಮೇಲೆ ಕೇಳಿದರು, ಮೆಲ್ಲಗೆ, ಒರಟಾಗಿ ಅಲ್ಲ. ಅವನು ಆಗಷ್ಟೇ ಸೀಮಾಳ ಮಣಿಕಟ್ಟು ಬಿಟ್ಟ.

ಲಗಮವ್ವ ಎದ್ದು ನಿಂತಿದ್ದಳು. ಹೊಡೆಯುತ್ತಾಳೆಂದು ಅವನು ಕಾದ. ಹೊಡೆದರೆ ಸಾಕೆಂದೂ ಅಂದುಕೊಂಡ. ಅವಳು ಹೊಡೆಯಲಿಲ್ಲ. ಅವನ ಮುಖವನ್ನು, ಮಂಜು ಬಿದ್ದ ಬೆಳಿಗ್ಗೆ ತನ್ನದಲ್ಲದ ಕುರಿಯನ್ನು ನೋಡುವವಳ ಹಾಗೆ, ಕಣ್ಣು ಕಿರಿದು ಮಾಡಿ ನೋಡಿದಳು. "ನನ್ನ ಮುಂದ ಕುಂತಿದ್ರಿ," ಎಂದಳು. "ಕಾರಿನ್ಯಾಗ. ನಾ ನಿಮ್ಮ ಕಾಲು ಮುಟ್ಟಿದ್ನಿ." ಅಷ್ಟೇ. ಸ್ಟೂಲನ್ನು ಅವನ ಕಡೆಯಿಂದ ಎಳೆದುಕೊಂಡು ಮಂಚದ ಆ ಬದಿಗೆ ಹಾಕಿ ಕೂತಳು.

ಡಾಕ್ಟರು ಕೇಸ್ ಪೇಪರಿನ ಮೇಲೆ ಪೆನಿಸಿಲಿನ್ ಅಲರ್ಜಿ ಎಂದು ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದರು. ಹುಡುಗಿಯನ್ನು ರಾತ್ರಿವರೆಗೂ ಕಣ್ಣೆದುರೇ ಇಡಬೇಕು, ಇದು ಒಮ್ಮೊಮ್ಮೆ ತಿರುಗಿ ಬರುತ್ತದೆ, ಅಡ್ರಿನಲಿನ್ ಎಳೆದು ತಲೆಯ ಹತ್ತಿರವೇ ಇಡು ಎಂದು ಸೀಮಾಳಿಗೆ ಹೇಳಿದರು. ದುಂಡೇಶ ಗೋಡೆಗೆ ಒರಗಿ ನಿಂತ. ಹೋಗೆಂದು ಯಾರೂ ಹೇಳಲಿಲ್ಲ, ಇರೆಂದೂ ಹೇಳಲಿಲ್ಲ. ಯಾರೋ ಒಬ್ಬ ಮುದುಕ ಪಕ್ಕದ ಮಂಚದಿಂದ "ಓದಿದಾವ್ರ ಹಿಂಗ್ರಿ" ಎಂದ, ಮತ್ಯಾರೋ ಹೂಂಗುಟ್ಟಿದರು. ಐದಕ್ಕೆ ಇನ್ನೂ ಕಾಲು ಗಂಟೆ ಇರುವಾಗ ಕೋಮಲಳ ಬಳೆಗಳು ಮತ್ತೆ ಸದ್ದು ಮಾಡಿದವು. ಕೊರಳ ಸುತ್ತ ಗಂಧೆ, ಉಸಿರಿನಲ್ಲಿ ಸಿಳ್ಳು. ಹೀಗೆ ಎರಡನೆಯ ಅಲೆ ಯಾಕೆ ಬರುತ್ತದೆಂದು ಅವನ ಪ್ರಬಂಧದಲ್ಲೂ ಇರಲಿಲ್ಲ, ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ಅವನು ಒಂದು ಹೆಜ್ಜೆ ಮುಂದಿಟ್ಟ. ಸೀಮಾ ಅಷ್ಟರಲ್ಲಿ ಚುಚ್ಚಿ ಮುಗಿಸಿದ್ದಳು. ಇಟ್ಟ ಹೆಜ್ಜೆಯನ್ನು ಅವನು ಹಿಂದಕ್ಕೆ ತೆಗೆದುಕೊಂಡ.

ಸಂಜೆ ಆರರ ಹೊತ್ತಿಗೆ ಅವಳ ತುಟಿ ಇಳಿಯಿತು. ನೀರು ಕೇಳಿದಳು, ಕುಡಿದಳು. ಆಮೇಲೆ ಅವನು ನಿಂತಿದ್ದ ಗೋಡೆಯ ಕಡೆ ತಿರುಗಿದಳು. "ಅದರ ಹೆಸರೇನ್ರಿ?"

ತನ್ನನ್ನು ಕೇಳಿದಳೆಂದು ಅವನಿಗೆ ತಕ್ಷಣ ತಿಳಿಯಲಿಲ್ಲ. "ಬರದ ಕೊಡ್ತೀನಿ," ಎಂದ, ಪೆನ್ನಿಗಾಗಿ ತಡಕಾಡಿದ.

"ಚೀಟಿ ಬ್ಯಾಡ," ಎಂದಳು ಲಗಮವ್ವ ಅವನನ್ನು ನೋಡದೆ. "ನಾವು ಇವತ್ತೊಂದೂರು ನಾಳಿಗೊಂದೂರು. ಮಳಿಗೆ ತೊಯ್ತೈತಿ, ಕಳೀತೈತಿ. ಬಾಯಿಲೆ ಹೇಳ್ರಿ."

"ಅಮಾಕ್ಸಿಸಿಲಿನ್."

"ಅಮಾಸಿ..." ಲಗಮವ್ವ ತಡವರಿಸಿದಳು.

"ಅಮಾಕ್ಸಿ. ಸಿಲಿನ್."

"ಅಮಾಸಿ ಅಂತ ನೆಪ್ಪ ಇಟಗೋತೀನಿ. ಮುಂದ?"

"ಸಿಲಿನ್. ಸಿಲಿನ್ ಅಂತ ಮುಗಿಯೂದು ಯಾವುದೂ ಬ್ಯಾಡ. ಪೆನಿಸಿಲಿನ್, ಆಂಪಿಸಿಲಿನ್. ಯಾವುದೂ."

ಅತ್ತೆ ಹೇಳಿದಳು, ಸೊಸೆ ಹೇಳಿದಳು. ಅವನು ತಿದ್ದಿದ. ಸೊಸೆಯ ದನಿ ಇನ್ನೂ ಒಡೆದಿತ್ತು, ಅಕ್ಷರಗಳು ನಡುವೆ ಮುರಿಯುತ್ತಿದ್ದವು. ಮತ್ತೆ ಮೊದಲಿನಿಂದ ಹೇಳುತ್ತಿದ್ದಳು. ಹತ್ತು ಸಲ, ಹನ್ನೆರಡು ಸಲ. ಯಾರೂ ಅವನನ್ನು ಬಯ್ಯಲಿಲ್ಲ. ಪ್ರತಿ ಸಲವೂ ಆ ಹೆಸರನ್ನು ಅವನೇ ಮೊದಲು ಹೇಳಬೇಕಾಗಿತ್ತು.

ಸರಿಯಾಗಿ ಬಂದ ಮೇಲೆ ಲಗಮವ್ವ ಸೊಸೆಯ ಫೋನು ತೆಗೆದು ಮಗ ಮಾಳೇಶನಿಗೆ ಹಚ್ಚಿಸಿದಳು. ಮಧ್ಯಾಹ್ನದಿಂದ ಸಿಗದಿದ್ದವನು ಈಗ ಸಿಕ್ಕ. ಕುರಿಗಳ ಕೂಗಿನ ನಡುವಿಂದ ಅವನ ದನಿ ವಾರ್ಡಿನ ತುಂಬ ಬಂತು. ಕೋಮಲ ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿ, "ಈಗ ಆರಾಮ ಐತಿ, ಬ್ಯಾರೆ ಏನೂ ಕೇಳಬ್ಯಾಡ, ಈ ಹೆಸರು ಕಲ್ಕೊ" ಎಂದಳು. ಅವನು ಆಚೆಯಿಂದ ದೊಡ್ಡದಾಗಿ, ಗಾಳಿಗೆ ಕೂಗಿದ ಹಾಗೆ ಹೇಳಿದ: "ಅಮಾಕ್ಸಿ... ಸಿಲ್ಕಿನ್."

"ಸಿಲಿನ್," ಎಂದ ದುಂಡೇಶ ಗೋಡೆಯ ಹತ್ತಿರದಿಂದ.

ಫೋನಿನಲ್ಲಿ ಕುರಿಗಳಷ್ಟೇ ಕೇಳಿದವು. ಆಮೇಲೆ ಮಾಳೇಶ ಕೇಳಿದ: "ಅದ್ಯಾರು ಮಾತಾಡಿದ್ದು?"

ಕೋಮಲ ದುಂಡೇಶನ ಕಡೆ ನೋಡಿದಳು, ಬೆಳಿಗ್ಗೆ ಗುಳಿಗೆಯನ್ನು ಅಂಗೈಯಲ್ಲಿ ಹಿಡಿದು ನೋಡಿದಷ್ಟೇ ಹೊತ್ತು.

"ಗುಳಗಿ ಕೊಟ್ಟಾವ್ರು," ಎಂದಳು.